ಉಪ್ಪಿನ ಅಂದಾಜು

ಗಂಗರತ್ನಮ್ಮ ನಿಂತುಕೊಂಡೇ ಉಣ್ಣುವ ಹೆಂಗಸು. ಎಡಗೈಯಲ್ಲಿ ತಟ್ಟೆ, ಬೆನ್ನಿಗೆ ಗೋಡೆ, ಕಣ್ಣು ಬಾಗಿಲ ಕಡೆಗೆ. ಈಗಲೋ ಆಗಲೋ ಯಾರೋ ಹಾರನ್ ಬಾರಿಸುತ್ತಾರೆ, ತುತ್ತನ್ನು ಅಲ್ಲಿಗೇ ಬಿಟ್ಟು ಓಡಬೇಕು ಎಂಬ ಧಾವಂತ ಆ ಮುಖದಲ್ಲಿ ಸದಾ ಇರುತ್ತದೆ. ನಡೆಯುವಾಗಲೂ ಕಾಲುಗಳನ್ನು ತುಸು ಅಗಲಿಸಿ, ನೆಲ ಯಾವ ಗಳಿಗೆಯಲ್ಲಿ ಯಾವ ಕಡೆ ವಾಲುತ್ತದೋ ಎಂಬ ಅನುಮಾನದಿಂದಲೇ ಹೆಜ್ಜೆಯಿಡುತ್ತಾಳೆ. ಸೀರೆಯ ಮೇಲೊಂದು ಗಂಡಸರ ಕಂದು ಕೋಟು. ಗಯೆಯ ಚಳಿಗೆಂದು ರಸ್ತೆಬದಿಯಲ್ಲಿ ಕೊಂಡದ್ದನ್ನು ಮಧುಗಿರಿ ಸೀಮೆಯ ಬಿಸಿಲಿನಲ್ಲೂ ತೆಗೆಯಲೊಲ್ಲಳು.

ಬಡವನಹಳ್ಳಿಯಿಂದಾಚೆಗಿನ ನಮ್ಮೂರ ಶಾಲೆಯಲ್ಲಿ ಹದಿನಾಲ್ಕು ವರ್ಷ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದವಳು, ಹೋದ ಸಂಕ್ರಾಂತಿಯ ಮಾರನೆಯ ವಾರ ಯಾತ್ರೆಯ ಬಸ್ಸಿನಲ್ಲಿ ಅಡುಗೆಗೆಂದು ಹೊರಟುಹೋದಳು. ಗಂಗೆಯಲ್ಲಿ ಒಂದು ಸಲ ಮುಳುಗೇಳಬೇಕೆಂಬ ಆಸೆ. ಇಪ್ಪತ್ತೆರಡು ದಿನವೆಂದು ಹೊರಟದ್ದು ಕಾಶಿ, ರಾಮೇಶ್ವರ, ಪುರಿ, ಮತ್ತೆ ಕಾಶಿ, ಕೊನೆಗೆ ದ್ವಾರಕೆಯೆಂದು ಆಷಾಢದವರೆಗೂ ಬೆಳೆಯಿತು. ಬಸ್ಸು ನಿಂತಲ್ಲಿ ಒಲೆ, ಒಲೆ ಆರಿದಲ್ಲಿಂದ ಬಸ್ಸು. ಐವತ್ತು ಹೊಟ್ಟೆಗಳ ಪುಣ್ಯಸಂಪಾದನೆಗೆ ಒಬ್ಬಳ ರಟ್ಟೆ. ಮೊದಲ ಸಲ ಕಾಶಿಗೆ ಹೋದಾಗ ಆಕೆಗೆ ಗಂಗೆ ಕಂಡದ್ದು ಅಕ್ಕಿ ತೊಳೆಯಲು ಯಾರೋ ತಂದಿಟ್ಟ ಕೊಡದಲ್ಲಿ ಮಾತ್ರ. ಎರಡನೆಯ ಸಲ ಮುಳುಗಿದಳಂತೆ, ಆದರೆ ಪಲ್ಯ ತಳ ಹಿಡಿದೀತೆಂಬ ಚಿಂತೆಯಲ್ಲಿ ಏನು ಬೇಡಿಕೊಳ್ಳಬೇಕೆಂಬುದೇ ಮರೆತುಹೋಯಿತಂತೆ.

ಹಿಂದಿರುಗಿದ ಮರುದಿನವೇ ಎಡವಟ್ಟಾಯಿತು. ಬಸ್ಸಿನ ರೂಢಿಯಂತೆ ನಸುಕಿನಲ್ಲೇ ಶಾಲೆಗೆ ಹೋಗಿ ಒಲೆ ಹೊತ್ತಿಸಿದಳು. ಮುಖ್ಯೋಪಾಧ್ಯಾಯರಾದ ವೃಷಭೇಂದ್ರಪ್ಪನವರು ಒಂಬತ್ತಕ್ಕೆ ಬಂದು ನೋಡಿದರೆ, ಮಧ್ಯಾಹ್ನದ ಅನ್ನ ಸಾರು ಏಳಕ್ಕೇ ಸಿದ್ಧವಾಗಿ ಆರಿ ತಣ್ಣಗಾಗಿತ್ತು. ಬಡಿಸುವಾಗ ಬೇರೆ, ಮಕ್ಕಳ ಬೆನ್ನ ಹಿಂದೆ ನಿಂತು, “ಬೇಗ ಬೇಗ ಉಂಡೇಳ್ರಪ್ಪ, ಬಸ್ಸು ಬುಟ್ಬುಡ್ತದೆ” ಎಂದುಬಿಟ್ಟಳು. ಮಕ್ಕಳು ವಾರವಿಡೀ ಬಾಯಲ್ಲೇ ಹಾರನ್ ಹೊಡೆಯುತ್ತ ಉಂಡವು. ಆಕೆಯೂ ನಕ್ಕಳು, ಆ ನಗೆಯಲ್ಲಿ ಜೀವವಿರಲಿಲ್ಲ.

ಅದಕ್ಕೆ ಕಾರಣವಿತ್ತು, ಅದನ್ನು ಆಕೆ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ದ್ವಾರಕೆಯ ದಾರಿಯಲ್ಲಿ ಜ್ವರ ಬಂದು ಮೂರು ದಿನ ಹಿಂದಿನ ಸೀಟಿನಲ್ಲಿ ಬಿದ್ದುಕೊಂಡಿದ್ದಳು. ಜ್ವರ ಬಿಟ್ಟಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕೊಂಡೊಯ್ದಿತು. ಉಪ್ಪು, ಹುಳಿ, ಖಾರ ಎಲ್ಲವೂ ಒಂದೇ, ಬಿಸಿನೀರು. ಯಾತ್ರೆಯಲ್ಲಿ ಇದು ಬಯಲಾಗಲಿಲ್ಲ, ಏಕೆಂದರೆ ದೇವರ ಪಟಕ್ಕೆ ನೈವೇದ್ಯವಾಗುವ ಮುನ್ನ ಅಡುಗೆಯವರು ರುಚಿ ನೋಡುವುದೇ ಅಲ್ಲಿ ನಿಷಿದ್ಧ. ಆರು ತಿಂಗಳು ಕೈಯಳತೆಯಲ್ಲೇ ಉಪ್ಪು ಹಾಕಿದ್ದಳು. ಶಾಲೆಯ ಕಟ್ಟಳೆ ಇದಕ್ಕೆ ತಿರುಗುಮುರುಗು: ಮಕ್ಕಳಿಗೆ ಬಡಿಸುವ ಮೊದಲು ಮುಖ್ಯ ಅಡುಗೆಯವಳು ಉಂಡು ನೋಡಿ, ಚೆನ್ನಾಗಿದೆಯೆಂದು ಪುಸ್ತಕದಲ್ಲಿ ಸಹಿ ಹಾಕಲೇಬೇಕು. ಐವತ್ತು ಜನರ ಅಳತೆ ಕೂತ ಕೈಗೆ ನೂರಹತ್ತು ಮಕ್ಕಳ ಅಂದಾಜು ಸಿಗುತ್ತಿರಲಿಲ್ಲ. ಆದರೂ ಹನ್ನೊಂದು ದಿನ ಸಹಿ ಹಾಕಿದಳು.

ಆಕೆಯಿಲ್ಲದಾಗ ಅಡುಗೆ ನಿಭಾಯಿಸಿದ್ದ ವನಜಾಕ್ಷಿ ಸಹಾಯಕಿ. ಈರುಳ್ಳಿ ಹೆಚ್ಚುವುದರಿಂದ ಹಿಡಿದು ಎಲ್ಲವನ್ನೂ ಗಂಗರತ್ನಮ್ಮನ ಕೈಕೆಳಗೇ ಕಲಿತವಳು. ಊರಲ್ಲಿ ಆಗಲೇ, ವನಜಾಕ್ಷಿಯ ಸಾರೇ ವಾಸಿ, ಅವಳನ್ನೇ ಮುಖ್ಯ ಮಾಡಿ ಎಂಬ ಗುಸುಗುಸು ಎದ್ದಿತ್ತು. ನಾಲಿಗೆಯ ಸುದ್ದಿ ಹೊರಬಿದ್ದರೆ ತನ್ನ ಜಾಗ ಹೋಯಿತೆಂದೇ ಗಂಗರತ್ನಮ್ಮನಿಗೆ ಗೊತ್ತು. ಗುಟ್ಟಾಗಿ ಹೋಗಿ ತೋರಿಸಿದಾಗ ಮಧುಗಿರಿಯ ಡಾಕ್ಟರು, ರುಚಿ ತಾನಾಗಿ ಬರುತ್ತದೆ, ಕಾಯಬೇಕು ಎಂದಿದ್ದರು. ಅಷ್ಟು ದಿನ ಸುಳ್ಳನ್ನು ಹೊರುವ ತ್ರಾಣ ಆ ದಣಿದ ದೇಹದಲ್ಲಿ ಉಳಿದಿರಲಿಲ್ಲ.

ಹನ್ನೆರಡನೆಯ ದಿನ ಉಪ್ಪು ಎರಡು ಸಲ ಬಿತ್ತು. ಒಂದನೆಯ ತರಗತಿಯ ಅನುಷಾ, ಉಂಡು ಬೇಗ ಏಳದಿದ್ದರೆ ಬಸ್ಸು ಹೋಗುತ್ತದೆಂದು ನಿಜವಾಗಿಯೇ ನಂಬಿದ್ದ ಮಗು, ಕಣ್ಣಲ್ಲಿ ನೀರು ತುಂಬಿಕೊಂಡು ಆ ಸಾರನ್ನ ನುಂಗುತ್ತಿತ್ತು. ಗಂಗರತ್ನಮ್ಮ ಅದರ ತಟ್ಟೆಯನ್ನು ಕಿತ್ತುಕೊಂಡಳು. ಬಡಿಸಿದ್ದನ್ನೆಲ್ಲ ವಾಪಸು ತರಿಸಿ, ನೇರ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

“ನನ್ ನಾಲ್ಗೆಗೆ ಏನೂ ಗೊತ್ತಾಗ್ತಿಲ್ಲ ಸಾ. ಇಷ್ಟ್ ದಿನ ಸುಳ್ ಸಹಿ ಹಾಕ್ಬುಟ್ಟೆ. ವನಜಾಕ್ಷೀನ ಮುಖ್ಯ ಮಾಡ್ಬುಡಿ, ನಾ ಅವಳ ಕೈಕೆಳಗೆ ಮಾಡ್ತೀನಿ.”

ವೃಷಭೇಂದ್ರಪ್ಪನವರು ಒಂದೆರಡು ವಾರ ರಜೆ ಹಾಕಮ್ಮ, ನೋಡೋಣ ಎಂದರಂತೆ. ಆಕೆ ಒಪ್ಪಲಿಲ್ಲ, ಕೆಲಸ ಬಿಟ್ಟು ಕೂತರೆ ಕೈಯೂ ಮರೆಯುತ್ತದೆ ಎಂದು ಹೇಳಿ ಅಡುಗೆಮನೆಗೆ ಮರಳಿ, ಮಕ್ಕಳಿಗೆ ಚಿತ್ರಾನ್ನವಾದರೂ ಆಗಲೆಂದು ಈರುಳ್ಳಿ ಹೆಚ್ಚಲು ಕೂತಳು. ವನಜಾಕ್ಷಿ ಅಳುತ್ತಿದ್ದಳು. ಈರುಳ್ಳಿಯ ಮುಂದೆ ಕೂತವಳು ಮಾತ್ರ ಅಳಲಿಲ್ಲ.

ದೂರ ಹೋಗಿ ಬಂದವರನ್ನು ನಾವು ಏನೇನು ನೋಡಿದಿರಿ ಎಂದು ಕೇಳುತ್ತೇವೆ. ಏನನ್ನು ಕಳೆದುಕೊಂಡು ಬಂದಿರಿ ಎಂದು ಯಾರೂ ಕೇಳುವುದಿಲ್ಲ. ದಣಿದು ಮರಳಿದವರು ಹಳೆಯ ಜಾಗವನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಸಹಜ. ಅದೂ ಹೋದರೆ ಬಂದು ಸೇರಿದ್ದು ಎಲ್ಲಿಗೆ ಎಂಬ ಭಯ ಅವರಿಗೆ. ಊರೂರಿನ ಒಲೆಗಳ ಮುಂದೆ ಇಂಥ ಕೆಲವು ಹೆಂಗಸರಿದ್ದಾರೆ, ಆ ಭಯವನ್ನೂ ನುಂಗಿಕೊಂಡವರು. ತಾವೇ ಕಲಿಸಿದ ಹುಡುಗಿಯ ಮುಂದೆ ಸೌಟು ಚಾಚಿ, ಸಂಕೋಚವಿಲ್ಲದೆ, “ಉಪ್ಪು ಸಾಕೇನೆ ನೋಡವ್ವ” ಎಂದು ದಿನವೂ ಕೇಳಬಲ್ಲವರು.