ಅಡ್ಡ ಪ್ರಶ್ನೆ

ಮಾತಾಡುವ ಯಂತ್ರಕ್ಕೆ ಪ್ರಶ್ನೆ ಕೇಳುವುದು ನನ್ನ ಕೆಲಸ. ಹತ್ತು ಪ್ರಶ್ನೆಗಳ ನಡುವೆ ತಲೆಬುಡವಿಲ್ಲದ ಒಂದನ್ನು ತೂರಿಸಬೇಕು. ಅದಕ್ಕೆ ಅಡ್ಡ ಪ್ರಶ್ನೆ ಅನ್ನುತ್ತೇವೆ. ಅದಕ್ಕೂ ಹೂಂಗುಟ್ಟಿದರೆ ಒಳಗೆ ಯಾರೂ ಇಲ್ಲ ಎಂದು ಬರೆಯಬೇಕು.

ಸೋಮವಾರ ಕೇಳಿದೆ: "ಕುರ್ಚಿಗೆ ಬಾಯಾರಿದೆಯಾ?"

"ಕುರ್ಚಿಗೆ ಬಾಯಾರಿಕೆ ಆಗಲ್ಲ. ನಿಮಗೆ ನಿದ್ದೆ ಸಾಲದ ಹಾಗಿದೆ," ಎಂದಿತು.

ಸಾಲದ್ದು ನಿಜ. ಮೆದುಳಲ್ಲಿ ರಕ್ತಸ್ರಾವವಾಗಿ ಅಮ್ಮ ಮೂರು ವಾರದಿಂದ ಆಸ್ಪತ್ರೆಯಲ್ಲಿದ್ದಳು. 'ಯಾರೋ ಇದ್ದಾರೆ' ಎಂಬಲ್ಲಿ ಗುರುತು ಹಾಕಿದೆ. ಮೇಲ್ವಿಚಾರಕ ಅದನ್ನು ಹೊಡೆದುಹಾಕಿದ.

"ಇದ್ದಾರಂತೆ! ಮನೆಗೆ ಕರ್ಕೊಂಡ್ ಹೋಗಿ ಊಟ ಹಾಕಮ್ಮ ಹಾಗಾದ್ರೆ."

"ಅಡ್ಡ ಪ್ರಶ್ನೇಲಿ ಗೆದ್ದಿದೆ ಸಾರ್."

"ಗೆದ್ರೂ ಒಳಗೆ ಯಾರೂ ಇಲ್ಲ, ಸೋತ್ರೂ ಇಲ್ಲ. ಬರಿ."

ಸಂಜೆ ಐಸಿಯು ಬಾಗಿಲಲ್ಲೇ ತಮ್ಮ ನನ್ನ ಕೈ ಹಿಡಿದ. "ಅಕ್ಕಾ, ಅಮ್ಮಂಗೆ ಗೊತ್ತಾಗತ್ತೆ ಕಣೇ. ನಾನು ಬಂದಿದೀನಿ ಅಂದೆ, ಬೆರಳು ಅದುಮಿದ್ಲು!"

ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಉಸಿರಿನ ಕೊಳವೆ ತೆಗೆಯಲು ನಮ್ಮಿಬ್ಬರ ಸಹಿ ಬೇಕಿತ್ತು. ನಾನು ಹಾಕಿದ್ದೆ. ಅವನು ಹಾಕಿರಲಿಲ್ಲ.

ಅಮ್ಮನ ಅಂಗೈಯಲ್ಲಿ ಬೆರಳಿಟ್ಟೆ. "ಅಮ್ಮಾ, ನಿನ್ ಮಗ ಬಂದಿದಾನೆ."

ಅದುಮಿದಳು.

"ನೋಡಿದ್ಯಾ? ನೋಡಿದ್ಯಾ?" ತಮ್ಮ ಅಳುತ್ತಲೇ ನಕ್ಕ.

ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬಹುದಿತ್ತು. "ಅಮ್ಮಾ, ಕುರ್ಚಿಗೆ ಬಾಯಾರಿದೆಯಾ?"

ಅಷ್ಟೇ ಬಲವಾಗಿ ಅದುಮಿದಳು. ತಮ್ಮನಿಗೂ ಕಂಡಿತು.

"ಯಾಕೆ ಕೇಳ್ದೆ ಅದನ್ನ?" ಎಂದ. ನನ್ನ ಬೆರಳನ್ನು ಅಮ್ಮನ ಕೈಯಿಂದ ಬಿಡಿಸಿ, "ನಿನ್ ಆಫೀಸ್ ಬುದ್ಧೀನ ಇಲ್ಲಿಗೂ ಹೊತ್ಕೊಂಡ್ ಬಂದ್ಯಲ್ಲ."

ಬುಧವಾರ ಸಹಿ ಹಾಕಿದ. ಕೊಳವೆ ತೆಗೆದ ಇಪ್ಪತ್ತು ನಿಮಿಷಕ್ಕೆ ಅಮ್ಮ ಹೋದಳು.

ಹತ್ತು ದಿನ ಕಳೆದಿತ್ತು. ನಾನು ಅನ್ನಕ್ಕೆ ನೀರಿಡುತ್ತಿದ್ದೆ. ತಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ.

"ಒಲೆ ಮುಂದೆ ನಿಂತಿದ್ರೆ ಅಮ್ಮ ನಾವೇನ್ ಹೇಳಿದ್ರೂ ಹೂಂ ಅಂತಿದ್ಲು, ಅಲ್ವಾ? ಗೋಡೆಗೆ ಜ್ವರ ಬಂದಿದೆ ಅಂತ ನೀನೇ ರೇಗಿಸ್ತಿದ್ದೆ. ಹೂಂ, ಮಾತ್ರೆ ಕೊಡು ಅಂತಿದ್ಲು." ನಗಲು ಹೋದವನು ಅಲ್ಲೇ ನಿಲ್ಲಿಸಿದ. ನನ್ನ ಮುಖ ನೋಡಿದ. "ಅಕ್ಕಾ... ಆಗ ಅವಳು ಒಳಗೆ ಇರ್ತಿದ್ಲಲ್ಲ?"

ನೀರು ಉಕ್ಕಿತು. ಒಲೆ ಸಣ್ಣಗೆ ಮಾಡಿದೆ.

"ಈಗ ನೆನಪಾಯ್ತು ನೋಡು," ಎಂದ. "ನಿಂಗೂ ಮರ್ತುಹೋಗಿತ್ತಾ?"

"ಹೂಂ," ಎಂದೆ.

ಮರೆತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಕುರ್ಚಿಯ ಪ್ರಶ್ನೆಗೆ ಬೆರಳು ಅದುಮಿದಾಗಲೇ ಗೋಡೆಯ ಜ್ವರ ನೆನಪಾಗಿತ್ತು. ಅವನ ಸಹಿಗೆ ಇನ್ನೂ ಎರಡು ದಿನವಿತ್ತು.