ತಿರುವಿನಲ್ಲಿ ಎರಡು ಹಾರ್ನ್

ಬಸ್ಸಿನ ಡ್ರೈವರಿಗೂ ಹೊಳೆ ದಾಟಿಸುವ ಲಾಂಚಿನ ಡ್ರೈವರಿಗೂ ಮಾತು ನಿಂತು ತಿಂಗಳ ಮೇಲಾಗಿತ್ತು. ಲಾಂಚಿನವನೆಂದರೆ ಬೇರೆ ಯಾರೂ ಅಲ್ಲ, ಬಸ್ಸಿನವನ ಹೆಂಡತಿಯ ಸ್ವಂತ ಅಣ್ಣ. ಒಂದು ದಿನ ಊಟಕ್ಕೆ ಕೂತಾಗ ಇವನು "ನಿಮ್ಮ ಲಾಂಚು ನೀರಲ್ಲಿ ಮಲಗಿರೋ ಎಮ್ಮೆ" ಅಂದ. ಅವನು "ನಿನ್ನ ಬಸ್ಸು ದಮ್ಮು ಹತ್ತಿದ ಮುದುಕ" ಅಂದ. ತಟ್ಟೆ ಬಿಟ್ಟು ಎದ್ದವರು ಆಮೇಲೆ ಮುಖ ತಿರುಗಿಸಿಕೊಂಡೇ ಓಡಾಡುತ್ತಿದ್ದರು.

ಆದರೆ ಹಾರ್ನಿಗೂ ಗಂಟೆಗೂ ಜಗಳವಿರಲಿಲ್ಲ. ಹೊಳೆಯ ಮೇಲಿನ ತಿರುವಿಗೆ ಬಂದಾಗ ಬಸ್ಸು ಎರಡು ಸಲ ಹಾರ್ನ್ ಹೊಡೆಯಬೇಕು. ಕೆಳಗೆ ಲಾಂಚಿನವನು ಗಂಟೆ ಬಾರಿಸಿ ಕಾಯಬೇಕು. ಹಾರ್ನ್ ಕೇಳಿಸಲಿಲ್ಲವೆಂದರೆ ಬಸ್ಸು ಎಲ್ಲೋ ಕೆಟ್ಟು ನಿಂತಿದೆ ಅಂತ ಲೆಕ್ಕ, ಲಾಂಚು ಹೊರಟೇಬಿಡುತ್ತದೆ. ದಡದ ಮೇಲೆ ನಿಂತು ಯಾರು ಬಾಯಿ ಬಡಿದುಕೊಂಡರೂ ಅವನಿಗೆ ಕಿವಿಯಿಲ್ಲ.

ಆ ದಿನ ಡ್ರೈವರನ ಹಿಂದಿನ ಸೀಟಿನಲ್ಲಿ ಮಗಳೇ ಕೂತಿದ್ದಳು. ಅವಳಿಗೆ ವಿಮಾನ ರಿಪೇರಿಯ ಕೆಲಸ ಸಿಕ್ಕಿತ್ತು. ಹೊಳೆಯಾಚೆಯ ನಿಲ್ದಾಣದಲ್ಲಿ ಮಧ್ಯಾಹ್ನದ ವಿಮಾನ ಹತ್ತಿದರಷ್ಟೇ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹಾಜರ್. ಮೊದಲ ಬಸ್ಸಿಗೇ ಹೊರಟವಳನ್ನು "ಅಪ್ಪನ ಬಸ್ಸಿರೋವಾಗ ಬೇರೆ ಬಸ್ಸು ಯಾಕೆ?" ಅಂತ ತಡೆದವನು ಇವನೇ. ಮಾತೇ ಇಲ್ಲದ ಮೇಲೆ ಮಗಳು ಇದರಲ್ಲಿ ಬರುವುದನ್ನು ಭಾವನಿಗೆ ಹೇಳುವುದೆಲ್ಲಿ?

ತಿರುವು ಬಂತು. ಡ್ರೈವರು ಹಾರ್ನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ, ಗುದ್ದಿದ. ಉಹುಂ.

"ಏನಣ್ಣಾ, ಹಾರ್ನಿಗೂ ಕೋಪ ಬಂತಾ?" ಅಂದ ಕಂಡಕ್ಟರ್.

ಕೆಳಗೆ ಲಾಂಚಿನ ಹಗ್ಗ ಬಿಚ್ಚುತ್ತಿದ್ದರು. ಮುಂದಿನ ಲಾಂಚಿಗೆ ಕಾದರೆ ವಿಮಾನ ಕೈತಪ್ಪಿದಂತೆಯೇ.

"ಮಾವ ಫೋನ್ ಎತ್ತುತಿಲ್ಲಪ್ಪಾ!" ಅಂದಳು ಮಗಳು.

"ಚಕ್ರ ಹಿಡಿದ ಮೇಲೆ ಅವರು ಫೋನ್ ಮುಟ್ಟಲ್ಲ ಕಣಮ್ಮಾ."

ಬಸ್ಸಿನ ಜನವೆಲ್ಲ ಕಿಟಕಿಯಿಂದ ತಲೆ ಹೊರಹಾಕಿ "ಹೋಯ್! ನಿಲ್ಸೀ!" ಅಂತ ಅರಚಿದರು. ಲಾಂಚಿನವನು ತಲೆ ಎತ್ತಲಿಲ್ಲ.

"ಅಪ್ಪಾ, ನೀನೇ ಕರಿ."

"ನಾನಾ? ಗಂಟಲು ಕಟ್ಟಿದೆ."

"ಬೆಳಿಗ್ಗೆ ಅಮ್ಮನ ಮೇಲೆ ರೇಗೋವಾಗ ಚೆನ್ನಾಗೇ ಇತ್ತಲ್ಲ!"

ಇಡೀ ಬಸ್ಸು ಗೊಳ್ಳೆಂದಿತು. ಡ್ರೈವರು ಒಮ್ಮೆ ಮಗಳ ಪೆಟ್ಟಿಗೆ ನೋಡಿದ, ಒಮ್ಮೆ ಹೊಳೆ ನೋಡಿದ. ಬ್ರೇಕ್ ಎಳೆದು, ಕೆಳಗೆ ಹಾರಿ, ರಸ್ತೆಬದಿಯ ಕಟ್ಟೆ ಹತ್ತಿದ.

"ಭಾವಾ!"

ಅದು ಬಾಯಿಂದಾಚೆ ಬರುವಷ್ಟರಲ್ಲೇ ಸೊರಗಿತು. ಕಣ್ಣು ಮುಚ್ಚಿ, ಹೊಟ್ಟೆಯಿಂದ ಉಸಿರೆಳೆದು ಇನ್ನೊಂದು ಬಿಟ್ಟ. "ಭಾ…ವಾ!"

ಲಾಂಚಿನವನು ತಲೆ ಎತ್ತಿದ. ಆಮೇಲೆ ಗಂಟೆ. ಒಂದಲ್ಲ ಎರಡಲ್ಲ, ಮನೆಗೆ ಬೆಂಕಿ ಬಿದ್ದವರ ಹಾಗೆ ಢಣಢಣ ಬಾರಿಸಿದ ಪುಣ್ಯಾತ್ಮ.

ಬಸ್ಸು ದಡ ಮುಟ್ಟಿದಾಗ ಲಾಂಚಿನವನು ತಾನೇ ಇಳಿದುಬಂದು ಸೋದರಸೊಸೆಯ ಪೆಟ್ಟಿಗೆ ಹೊತ್ತುಕೊಂಡ. "ಬಾಮ್ಮಾ, ಮೊದಲು ಎಮ್ಮೆ ಹತ್ತು. ಆಚೆ ದಡದಲ್ಲಿ ಹಕ್ಕಿ ಹತ್ತುವಿಯಂತೆ." ಆಮೇಲೆ ತಂಗಿಯ ಗಂಡನ ಕಡೆ ತಿರುಗಿ, "ಹಾರ್ನ್ ರಿಪೇರಿ ಮಾಡಿಸಬೇಡ ಕಣಯ್ಯಾ. ಇದೇ ಚೆನ್ನಾಗಿ ಕೇಳಿಸುತ್ತೆ" ಅಂದ.

ಮಧ್ಯಾಹ್ನ ಅದೇ ತಿರುವಿನಲ್ಲಿ ಬಸ್ಸಿನ ತಲೆಯ ಮೇಲೆ ವಿಮಾನ ಹಾದುಹೋಯಿತು. ಡ್ರೈವರನ ಕೈ ಅಭ್ಯಾಸಬಲದಿಂದ ಹಾರ್ನಿನ ಮೇಲೆ ಹೋಯಿತು. ಸದ್ದು ಬರಲಿಲ್ಲ. ಕೆಳಗೆ ಹೊಳೆಯ ನಡುವೆ ಮಾತ್ರ ಯಾರೋ ಗಂಟೆ ಬಾರಿಸುತ್ತಲೇ ಇದ್ದರು.