ಜಬ್ಬರ್ ಸಿಂಗನ ಡೇರೆಯಲ್ಲಿ ನನ್ನ ಹಾಡುಗಾರ

ಜೈಸಲ್ಮೇರಿಗೆ ಬಂದವರು ಬೆಳಿಗ್ಗೆ ಕೋಟೆ, ಮಧ್ಯಾಹ್ನ ಹವೇಲಿ, ಆಮೇಲೆ ಗಡಿಸರ್ ಕೆರೆಯೋ ಕುಲಧರಾದ ಪಾಳುಮನೆಗಳೋ ಎಂದು ಸುತ್ತಿ, ಸಂಜೆಗೆ ಮರಳದಿಬ್ಬಕ್ಕೆ ಬಂದೇ ಬರುತ್ತಾರೆ. ಜಂಟಿಯಾಗಿ ಬರಲಿ, ಒಂಟಿಯಾಗಿ ಬರಲಿ, ಒಂಟೆ ಹತ್ತಿಸುವುದು ನಮ್ಮ ಕಸುಬು. ದಿಬ್ಬದ ಈಚೆ ನನ್ನ ಡೇರೆಗಳು, ಆಚೆ ಜಬ್ಬರ್ ಸಿಂಗನವು. ನಾನು ದೀಪದ ಸರ ಕಟ್ಟಿದರೆ ಅವನು ದೀಪದ ಕಮಾನೇ ಕಟ್ಟುತ್ತಾನೆ. ನನ್ನ ಒಂಟೆಗೆ ಗೆಜ್ಜೆ ಬಂದರೆ ಅವನದಕ್ಕೆ ಕಪ್ಪು ಕನ್ನಡಕ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಮುರಾದ್ ಖಾನ್ ಅಲ್ಲಿ ಹಾಡುತ್ತಿದ್ದಾನೆ ಎಂದು ಕೇಳಿದ ದಿನ ಮಾತ್ರ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಮುರಾದ್ ಮಾಂಗಣಿಯಾರ್, ಯಜಮಾನರ ವಂಶ ಹಾಡುವ ಕುಲದವನು. ಅವನ ಮನೆತನ ನಮ್ಮ ಮನೆತನದ ಹಾಡುಗಾರರು. ನಮ್ಮ ಮನೆಯ ಮದುವೆ, ಮುಂಜಿ, ತೊಟ್ಟಿಲಿಗೆಲ್ಲ ನಮ್ಮ ಹಿರಿಯರ ಹೆಸರು ಹಾಡುವ ಹಕ್ಕು ಅವರದು, ಕೇಳಿದ್ದು ಕೊಡುವ ಹೊಣೆ ನಮ್ಮದು. ಜಬ್ಬರನ ಮನೆಗೆ ಹಾಡುಗಾರರಿಲ್ಲ. ಅವನಪ್ಪನ ಜಿಪುಣತನಕ್ಕೆ ಬೇಸತ್ತು, ಇದ್ದವರು ಆ ಮನೆಯನ್ನೇ ಬಿಟ್ಟುಬಿಟ್ಟರು. ಹೆಂಡತಿ ಬಿಟ್ಟುಹೋದರೂ ನಮ್ಮಲ್ಲಿ ಅಷ್ಟು ಅವಮಾನವಿಲ್ಲ.

"'ಬನ್ನಿ ಬನ್ನಿ ಮೇಡಂ, ಒಂಟೆ ಕಚ್ಚಲ್ಲ, ಬರೀ ನಗುತ್ತೆ!'" ಎಂದು ಜಬ್ಬರನ ಮೂಗುದನಿಯನ್ನು ಅಣಕಿಸಿದೆ.

ಹೆಂಡತಿ ಸಿರೇ ಕಂವರ್ ನಗಲಿಲ್ಲ. "ಹಾಡೋದು ಮುರಾದನ ಹೊಟ್ಟೆಪಾಡು. ನಿಮಗ್ಯಾಕ್ರೀ ಹೊಟ್ಟೆಯುರಿ?"

"ಬರೀ ಹಾಡಾದ್ರೆ ಹಾಳಾಗ್ಲಿ ಕಣೆ. ಜಬ್ಬರನ ಅಪ್ಪ, ತಾತನ ಹೆಸರೆಲ್ಲ ಹಾಡ್ತಿದ್ರೆ?"

"ಹೋಗಿ ಕೇಳ್ಕೊಂಡ್ ಬನ್ನಿ."

"ಅವನ ಡೇರೆಗೆ ನಾನಾ?"

"ಇಲ್ಲಾಂದ್ರೆ ಇಲ್ಲೇ ಕೂತು ಉರೀತಾ ಇರಿ. ಒಲೆಗೆ ಸೌದೆ ಉಳಿಯುತ್ತೆ."

ಮರುದಿನ ಸಂಜೆ ಪೇಟ ಬಿಚ್ಚಿಟ್ಟೆ. ಯಾರೋ ಅತಿಥಿ ಮರೆತುಹೋಗಿದ್ದ ಹೂವಿನ ಅಂಗಿ, ಟೋಪಿ, ಕನ್ನಡಕ ತೊಟ್ಟು, ಮೀಸೆಯನ್ನು ಮಫ್ಲರಿನಲ್ಲಿ ಅಡಗಿಸಿ, ಜಬ್ಬರನ ಅಂಗಳದ ಹಿಂದಿನ ಸಾಲಿನಲ್ಲಿ ಕುಳಿತೆ. ತಿಲಕದ ತಟ್ಟೆ ಹಿಡಿದು ಅವನೇ ಬಂದ.

"ಎಲ್ಲಿಂದ ಬಂದ್ರಿ ಸಾರ್?"

"ಭೋಪಾಲ್," ಎಂದೆ ಮೂಗಿನಲ್ಲಿ. ಅದು ತನ್ನದೇ ದನಿ ಎಂದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಮುರಾದ್ ಕಮಾಯಚಾದ ತಂತಿ ಬಿಗಿದು, ಕಮಾನು ಎತ್ತಿ, ಜನರತ್ತ ಒಮ್ಮೆ ನೋಡಿದ. ನನ್ನ ಮೇಲೆ ಬಿದ್ದ ಕಣ್ಣು ಅಲ್ಲೇ ನಿಂತಿತು. ಯಜಮಾನ ಕೂತ ಸಭೆಯಲ್ಲಿ ಅವನ ವಂಶವನ್ನು ಹೊಗಳದೆ ಹಾಡುಗಾರ ಬೇರೆ ಪದ ಎತ್ತುವಂತಿಲ್ಲ. ಅಸೂಯೆಯ ಭರದಲ್ಲಿ ನಾನು ಮರೆತದ್ದು ಅದನ್ನೇ.

"ಖಮ್ಮಾ ಘಣಿ, ಹುಕುಂ!" ಎಂದು ಒಡೆಯನಿಗೆ ಸಲ್ಲುವ ವಂದನೆ ಹೇಳಿ, ಕೈಯೆತ್ತಿ ಶುರುಮಾಡಿದ. ನನ್ನಪ್ಪ, ನನ್ನ ತಾತ, ತಾತನ ತಾತ, ಹೀಗೆ ಹನ್ನೊಂದು ತಲೆಮಾರು. ಪ್ರವಾಸಿಗಳೆಲ್ಲ ತಿರುಗಿ ನನ್ನ ಹೂವಿನ ಅಂಗಿಯ ಫೋಟೋ ತೆಗೆದರು. ವಿಧಿಯಿಲ್ಲದೆ ಕನ್ನಡಕ ಕಳಚಿದೆ.

"ಹೇಗೋ ಗುರುತು ಹಿಡಿದೆ?"

"ಟೋಪಿ ಕೆಳಗೆ ನಿಮ್ಮ ತಾತನ ಕಿವಿ ಕಾಣ್ತಿತ್ತು ಹುಕುಂ."

"ಏನ್ ಗುಮಾನ್ ಸಿಂಗ್, ಭೋಪಾಲಲ್ಲಿ ಎಲ್ರೂ ಚೆನ್ನಾಗಿದಾರಾ?" ಎಂದ ಜಬ್ಬರ್. ಗೇಲಿ ಬಾಯಲ್ಲಿತ್ತು, ಕಣ್ಣು ಮುರಾದನ ಮೇಲಿತ್ತು. ಅವನ ದೀಪದ ಕಮಾನನ್ನು ನಾನು ದಿನವೂ ನೋಡುವುದು ಥೇಟ್ ಹಾಗೆಯೇ.

"ಹೊಗಳಿದೆನಲ್ಲ, ಈಗ ಕೇಳಿದ್ದು ಕೊಡ್ಬೇಕು," ಎಂದ ಮುರಾದ್.

"ಕೇಳು. ಒಂಟೆ ಬೇಕಾ?"

"ಬೇಡ ಹುಕುಂ. ಜಬ್ಬರ್ ಸಿಂಗರ ಮಗಳ ಮದುವೆ ಹತ್ರ ಬಂತು. ಬಾಗಿಲಲ್ಲಿ ನಿಂತು ಹಾಡೋರಿಲ್ಲ. ನನ್ನ ತಮ್ಮ ಆ ಮನೆಗೆ ಹಾಡುಗಾರ ಆಗ್ಲಿ ಅಂತ ನೀವು ಹೂಂ ಅನ್ಬೇಕು. ನೀವು ಹೇಳ್ದೆ ನಾವು ಅವರ ಒಂದು ಹೆಸರೂ ಎತ್ತಿಲ್ಲ."

ಕದ್ದದ್ದನ್ನು ಹಿಡಿಯಲು ಬಂದವನು ನಾನು. ಈಗ ನಾನೇ ಕೈಯಾರೆ ಕೊಡಬೇಕು! ಇಲ್ಲವೆಂದರೆ ನಾನೂ ಜಬ್ಬರನ ಅಪ್ಪನಂತೆಯೇ. ಮುರಾದ್ ನನ್ನ ಹೊಸಿಲನ್ನೂ ತೊರೆದಾನು.

"ಹೂಂ," ಎಂದೆ. ಮಫ್ಲರಿನೊಳಗೆ ಅದು ಕೆಮ್ಮಿನಂತೆ ಕೇಳಿಸಿತು. ಮಫ್ಲರ್ ಎಳೆದು ಹಾಕಿ ಮತ್ತೆ ಗಟ್ಟಿಯಾಗಿ ಹೇಳಿದೆ.

ತಟ್ಟೆ ಬಿಸುಟು ಜಬ್ಬರ್ ನನ್ನನ್ನು ಅಪ್ಪಿಕೊಂಡ. ಅಂಗಿಯ ತುಂಬ ಕುಂಕುಮ. ಅಷ್ಟು ದೊಡ್ಡ ಮೀಸೆಯವನು ಅಳುತ್ತಿದ್ದ.

ಹೊರಡುವಾಗ ಮುರಾದನನ್ನು ಪಕ್ಕಕ್ಕೆ ಕರೆದೆ. "ಅವರದು ಎಷ್ಟು ತಲೆಮಾರು ಬರುತ್ತೋ ನಿನ್ನ ತಮ್ಮನಿಗೆ?"

"ಸದ್ಯಕ್ಕೆ ನಾಲ್ಕು ಹುಕುಂ. ಉಳಿದದ್ದು ಹಳಬರ ಹತ್ರ ಕೇಳಿ ಕಲೀಬೇಕು."

"ಅವಸರ ಏನಿಲ್ಲ," ಎಂದೆ. "ನಿಧಾನಕ್ಕೆ ಕಲೀಲಿ."